ಕಟ್ಟುವವರ ಮನೆ ಬಿದ್ದಾಗ



ಮೇ ತಿಂಗಳ ಮೊದಲ ದಿನ ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ದಿನದಂದೇ ಈ ಹಬ್ಬವೂ ಇರಲೆಂದು 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಅವರು ಅದನ್ನು ಸ್ಥಾಪಿಸಿದರು. ನಮ್ಮ ಕನ್ನಡ ಬೈಬಲಿನಲ್ಲಿ ಜೋಸೆಫರನ್ನು 'ಬಡಗಿ' ಎಂದು ಕರೆದಿದೆ. ಗುರುಮಠದಲ್ಲಿ ನಮಗೆ ಗ್ರೀಕ್ ಕಲಿಸಿದವರು ಆ ಪದ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಮೂಲದಲ್ಲಿರುವುದು 'ತೆಕ್ತೋನ್', ಮರದ ಕೆಲಸದವನೂ ಹೌದು, ಮನೆ ಕಟ್ಟುವವನೂ ಹೌದು. ನಾಜರೇತಿನಿಂದ ಆರು ಕಿಲೋಮೀಟರ್ ದೂರದಲ್ಲಿ ಸೆಫೊರಿಸ್ ಎಂಬ ಪಟ್ಟಣವನ್ನು ಹೆರೋದ ಅಂತಿಪನು ಆ ಕಾಲದಲ್ಲೇ ಹೊಸದಾಗಿ ಕಟ್ಟಿಸುತ್ತಿದ್ದನು. ಜೋಸೆಫರು ಅಲ್ಲಿಗೆ ಕೂಲಿಗೆ ಹೋಗಿರಬಹುದೆಂದು ಕೆಲವು ಪಂಡಿತರು ಊಹಿಸುತ್ತಾರೆ. ಅದು ಊಹೆಯಷ್ಟೇ. ಆದರೂ ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ನಗರದ ಕಟ್ಟಡ ಕೆಲಸಕ್ಕೆ ಹೊರಟ ಮನುಷ್ಯನನ್ನು ಗುರುತಿಸುವುದು ನಮ್ಮ ಭಾಗದ ಧರ್ಮಕೇಂದ್ರಗಳ ಜನರಿಗೆ ಕಷ್ಟವಲ್ಲ. ಅಂಥವರು ನಮ್ಮ ಗೇಟಿನ ಎದುರಿನಿಂದಲೇ ದಿನವೂ ಹಾದುಹೋಗುತ್ತಾರೆ.

ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದು 1882ರಲ್ಲಿ. ಮೈಸೂರಿನ ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ವ್ಯವಸಾಯ ಮಾಡಿಕೊಂಡಿರಲಿ ಎಂಬುದು ಆಗಿನ ಉದ್ದೇಶ. ಪೀಣ್ಯದಲ್ಲಿ 1970ರ ದಶಕದಲ್ಲಿ ಸಣ್ಣ ಕಾರ್ಖಾನೆಗಳ ಶೆಡ್ಡುಗಳು ಸಾಲುಸಾಲಾಗಿ ಎದ್ದವು. ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಇದನ್ನೆಲ್ಲ ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಈ ಕಟ್ಟಡಗಳನ್ನು ಕಟ್ಟಿದವರು ಯಾರು, ಎಲ್ಲಿಂದ ಬಂದರು ಎಂಬುದು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಮೊದಮೊದಲು ಧರ್ಮಪುರಿ, ಕೃಷ್ಣಗಿರಿ ಕಡೆಯವರು ಬಂದರು. ಆಮೇಲೆ ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳದವರು ಕುಟುಂಬ ಸಮೇತ ಬಂದರು. ಅದಕ್ಕೆ ಆ ಕಡೆ 'ಗುಳೆ' ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಪಾತ್ರೆ ಪಡಗ ಕಟ್ಟಿಕೊಂಡು ಹೊರಡುವುದು. ಮುಂಗಾರು ಹತ್ತಿರ ಬಂದಾಗ ಬಿತ್ತನೆಗೆ ಮರಳುವುದು. ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ಖಾಲಿ ನಿವೇಶನಗಳಲ್ಲಿ ಕಾಣುವ ನೀಲಿ ಟಾರ್ಪಾಲಿನ ಗುಡಿಸಲುಗಳು ಅವರವೇ.

ಅವರ ಊರಿನ ಮನೆಗಳು ಬಿದ್ದದ್ದು 2009ರಲ್ಲಿ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಬರ ಎಂದು ಅನೇಕ ತಾಲೂಕುಗಳನ್ನು ಸರ್ಕಾರ ಘೋಷಿಸಿಯೂ ಆಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮಳೆ ಶುರುವಾಯಿತು. ಅಕ್ಟೋಬರ್ ಮೊದಲ ದಿನಗಳವರೆಗೆ ಅದು ಬಿಡದೆ ಸುರಿಯಿತು. ಕೃಷ್ಣೆ, ತುಂಗಭದ್ರೆ, ಮಲಪ್ರಭೆ, ಡೋಣಿ ಎಲ್ಲವೂ ದಂಡೆ ಮೀರಿದವು. ಅಕ್ಟೋಬರ್ 2ರಂದು ಮಂತ್ರಾಲಯ ಮುಳುಗಿತು, ಕೆಳಗೆ ಕರ್ನೂಲು ನಗರ ಮುಳುಗಿತು. ಕರ್ನಾಟಕದಲ್ಲಿಯೇ 200ಕ್ಕೂ ಹೆಚ್ಚು ಜನ ಸತ್ತರು. ಬಿದ್ದ, ಬಿರುಕು ಬಿಟ್ಟ ಮನೆಗಳ ಲೆಕ್ಕ ಲಕ್ಷಗಳಲ್ಲಿತ್ತು.

ನದಿಯ ನೀರು ಮುಟ್ಟದ ಊರುಗಳಲ್ಲಿಯೂ ಮನೆಗಳು ಏಕೆ ಬಿದ್ದವು ಎಂಬುದು ನಮಗೆ ಅಲ್ಲಿಗೆ ಹೋಗುವವರೆಗೆ ತಿಳಿದಿರಲಿಲ್ಲ. ಆ ಭಾಗದ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ದಪ್ಪನೆಯ ಮಣ್ಣಿನ ಹಾಸು. ಗೋಡೆಯೂ ಮಣ್ಣಿನದೇ, ಎರಡು ಮೊಳ ದಪ್ಪ. ನಲವತ್ತು ಡಿಗ್ರಿ ಮೀರುವ ಬಿಸಿಲಿಗೆ ಅದಕ್ಕಿಂತ ಬುದ್ಧಿವಂತಿಕೆಯ ಮನೆ ಇನ್ನೊಂದಿಲ್ಲ. ಒಳಗೆ ಕಾಲಿಟ್ಟರೆ ತಂಪು. ಒಂದೆರಡು ತಾಸಿನ ಮಳೆಯನ್ನೂ ಅದು ತಡೆಯುತ್ತದೆ. ಆದರೆ ಹಗಲೂ ರಾತ್ರಿ ನಾಲ್ಕು ದಿನ ಸುರಿದಾಗ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು, ಗೋಡೆಯ ಬುಡ ಮೆತ್ತಗಾಯಿತು, ತೊಲೆ ಜಾರಿತು. ಬಂಡೆಯ ಮೇಲೆ ಕಟ್ಟಿದವನು ಬುದ್ಧಿವಂತ, ಮರಳಿನ ಮೇಲೆ ಕಟ್ಟಿದವನು ದಡ್ಡ ಎಂಬ ಸಾಮತಿಯ ಮೇಲೆ ನಾವು ಅನೇಕ ಸಲ ಪ್ರಬೋಧನೆ ಕೊಟ್ಟಿದ್ದೇವೆ. ಆ ಹಳ್ಳಿಯ ಬಿದ್ದ ಗೋಡೆಗಳ ನಡುವೆ ನಿಂತ ಮೇಲೆ ಅದೇ ಧಾಟಿಯಲ್ಲಿ ಕೊಡಲು ನಮ್ಮಿಂದ ಆಗಿಲ್ಲ. ಅವರು ದಡ್ಡರಾಗಿರಲಿಲ್ಲ. ತಮ್ಮ ಅಜ್ಜಂದಿರು ಕಂಡ ಬಿಸಿಲಿಗೆ ಸರಿಯಾಗಿ ಕಟ್ಟಿದ್ದರು. ಅಜ್ಜಂದಿರು ಕಾಣದ ಮಳೆ ಬಂತು.

ನೆರವು ಬಹಳ ಕಡೆಯಿಂದ ಬಂತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬೆಂಗಳೂರಿನ ಬೀದಿಗಳಲ್ಲಿ ಪಾದಯಾತ್ರೆ ಮಾಡಿ ನಿಧಿ ಕೂಡಿಸಿದರು. ಸರ್ಕಾರವೂ ದಾನಿಗಳೂ ಖರ್ಚು ಹಂಚಿಕೊಂಡು ಮನೆ ಕಟ್ಟಿಕೊಡುವ 'ಆಸರೆ' ಎಂಬ ಯೋಜನೆ ಬಂತು. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಕಂಪನಿಯ ಪ್ರತಿಷ್ಠಾನ ನೆರೆಪೀಡಿತರಿಗೆಂದು 2,000ಕ್ಕೂ ಹೆಚ್ಚು ಮನೆ ಕಟ್ಟಿಸಿತು. ನಮ್ಮ ಧರ್ಮಸಭೆಯಲ್ಲಿಯೂ ಕಾರಿತಾಸ್ ಇಂಡಿಯಾ ಮತ್ತು ಧರ್ಮಕ್ಷೇತ್ರಗಳ ಸಮಾಜಸೇವಾ ಸಂಸ್ಥೆಗಳು ದುಡಿದವು. ಬೆಳಗಾವಿ, ಬಳ್ಳಾರಿ, ಕಲಬುರಗಿ ಧರ್ಮಕ್ಷೇತ್ರಗಳು ಪೆಟ್ಟು ತಿಂದ ಪ್ರದೇಶದಲ್ಲಿಯೇ ಇದ್ದವು. ಆಗ ಬೆಳಗಾವಿಯ ಧರ್ಮಾಧ್ಯಕ್ಷರಾಗಿದ್ದ ಪೀಟರ್ ಮಚಾದೊ ಅವರೇ ಮುಂದೆ 2018ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ನಮ್ಮಲ್ಲಿಗೆ ಬಂದರು.

ಆಗ ನಾವು ವೈಟ್‌ಫೀಲ್ಡ್ ಕಡೆಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ದೀಕ್ಷೆ ಪಡೆದು ಎರಡು ವರ್ಷವೂ ಆಗಿರಲಿಲ್ಲ. ಕಾಣಿಕೆ ಎತ್ತಿ ಕಳುಹಿಸಿದ ಮೇಲೆ ಯುವಜನರ ತಂಡ ಬಂದು, "ಫಾದರ್, ನಾವೇ ಹೋಗಿ ಒಂದು ವಾರ ಕೆಲಸ ಮಾಡುತ್ತೇವೆ" ಎಂದಿತು. ವಿಷಯ ಪಾಲನಾ ಸಮಿತಿಯ ಮುಂದೆ ಬಂತು. ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾಗಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಹದಿನೆಂಟು ಜನರ ರೈಲು ಚಾರ್ಜು, ಊಟ, ರಜೆಯ ಸಂಬಳ ಎಲ್ಲ ಕೂಡಿಸಿ ನೋಡಿ. ಆ ದುಡ್ಡನ್ನೇ ಕಳುಹಿಸಿದರೆ ಅಲ್ಲಿಯ ಗಾರೆಯವನೊಬ್ಬನಿಗೆ ಎಷ್ಟೋ ತಿಂಗಳ ಕೂಲಿಯಾಗುತ್ತದೆ. ಕಂಪ್ಯೂಟರ್ ಒತ್ತುವ ಹುಡುಗರು ಹೋಗಿ ಏನು ಕಟ್ಟುತ್ತಾರೆ ಫಾದರ್?" ಎಂದರು.

ಸಭೆ ಸುಮ್ಮನಾಯಿತು. ಉತ್ತರ ನಮ್ಮ ಬಳಿಯೂ ಇರಲಿಲ್ಲ. ಆಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಮಾತಾಡಿದರು. ಅವರ ತವರು ಸಿಲುವೆಪುರ.

ಸಿಲುವೆಪುರದ ಕತೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಪೀಣ್ಯ, ಜಾಲಹಳ್ಳಿ ಕಡೆಯ ನಮ್ಮ ಹೊಸ ಕುಟುಂಬಗಳಿಗೆ ಅದು ಗೊತ್ತಿರಲಾರದು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರ ಸುಟ್ಟಿತು. ಹಿರಿಯರು ಅದನ್ನು 'ಧಾತು ಈಶ್ವರ ಬರ' ಎಂದು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು. ಸುಮಾರು 50 ಲಕ್ಷ ಜನರಿದ್ದ ಸಂಸ್ಥಾನದಲ್ಲಿ 10 ಲಕ್ಷದಷ್ಟು ಜನ ಅಳಿದರೆಂದು ಅಂದಾಜು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬದುಕುಳಿದವರಲ್ಲಿ ಅನೇಕರು ಕೂಳಿಗಾಗಿ ಬೆಂಗಳೂರು–ಮೈಸೂರು ರೈಲು ಹಾದಿಗೆ ಮಣ್ಣು ಹೊತ್ತರು. ನಾವು ಇಂದಿಗೂ ಓಡಾಡುವ ಹಾದಿ ಅದು. ಅದರ ಕೆಳಗಿನ ಮಣ್ಣನ್ನು ಹೊತ್ತದ್ದು ಹಸಿದವರ ತಲೆ. ತಂದೆತಾಯಿ ಸತ್ತ ಮಕ್ಕಳನ್ನು ಪ್ಯಾರಿಸ್ ಮಿಷನ್ನಿನ ಗುರುಗಳೂ ಕನ್ಯಾಸ್ತ್ರೀಯರೂ ಕೂಡಿಸಿ ಸಾಕಿದರು. ಆ ಮಕ್ಕಳು ಬೆಳೆದಾಗ ಅವರಿಗೆ ಹೋಗಲು ಊರಿರಲಿಲ್ಲ. ಆದ್ದರಿಂದ ಜಮೀನು ಕೊಂಡು, ಮನೆ ಕಟ್ಟಿ, ಊರನ್ನೇ ಮಾಡಲಾಯಿತು. ಚಿಕ್ಕಬಾಣಾವರದ ಆಚೆಯ ಸಿಲುವೆಪುರ, ಕನಕಪುರ ರಸ್ತೆಯ ಕಡೆಯ ಮರಿಯಾಪುರ ಹಾಗೆ ಎದ್ದ ಕೃಷಿಗ್ರಾಮಗಳು.

ಆ ತಾಯಿ ಹೇಳಿದ್ದು ಇಷ್ಟೇ: "ನಮ್ಮ ಮುತ್ತಜ್ಜನಿಗೆ ಮನೆ ಕಟ್ಟಿಕೊಟ್ಟವರಿಗೆ ಕನ್ನಡವೇ ಸರಿಯಾಗಿ ಬರ್ತಿರಲಿಲ್ಲವಂತೆ. ಆದರೂ ಬಂದರಲ್ಲ."

ದುಡ್ಡನ್ನೂ ಕಳುಹಿಸಿದೆವು, ಹುಡುಗರನ್ನೂ ಕರೆದುಕೊಂಡು ಹೋದೆವು. ಲೆಕ್ಕದಲ್ಲಿ ಮಾತ್ರ ಆ ಹಿರಿಯರದೇ ಸರಿಯೆಂದು ನಮಗೆ ಇಂದಿಗೂ ಅನಿಸುತ್ತದೆ.

2010ರ ಏಪ್ರಿಲ್ 30ರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಮರುದಿನ ಶನಿವಾರ, ಮೇ 1. ಕಂಪನಿಗಳಿಗೆ ಹೇಗೂ ರಜೆ, ಅದಕ್ಕೆ ಸೇರಿಸಿ ಒಂದು ವಾರ ಬರೆದುಕೊಟ್ಟಿದ್ದರು. ನಸುಕಿನಲ್ಲಿ ರಾಯಚೂರಿನಲ್ಲಿ ಇಳಿದು, ಟೆಂಪೋದಲ್ಲಿ ಮಾನ್ವಿ ತಾಲೂಕಿನ ನದೀತೀರದ ಹಳ್ಳಿಗೆ ಹೋದೆವು. ಆ ಊರಿನಲ್ಲಿ ಕ್ರೈಸ್ತರ ಮನೆ ಒಂದೂ ಇರಲಿಲ್ಲ. ಶಾಲೆಯ ಪಡಸಾಲೆಯಲ್ಲಿ ನಮ್ಮಷ್ಟಕ್ಕೆ ಬಲಿಪೂಜೆ ಅರ್ಪಿಸಿದೆವು. ದೂರ ಕುಳಿತು ನೋಡುತ್ತಿದ್ದ ಅಜ್ಜ ಒಬ್ಬ, "ಇವತ್ತು ಯಾರ ಹಬ್ಬ ಅದರೀ ಸ್ವಾಮ್ಯಾರ?" ಎಂದು ಕೇಳಿದ. "ಒಬ್ಬ ಗಾರೆ ಮೇಸ್ತ್ರಿಯ ಹಬ್ಬ ಅಜ್ಜಾ" ಎಂದೆವು. "ಹಂಗಾದ್ರ ಇವತ್ತು ಕೆಲಸ ಇಲ್ಲೇನು?" ಎಂದು ಬೇಸರಪಟ್ಟುಕೊಂಡ. ಅವನ ಮನೆಯ ಸರದಿ ಅಂದೇ ಇತ್ತು.

ರಾಯಚೂರಿನ ಮೇ ತಿಂಗಳು! ಬೆಳಿಗ್ಗೆ ಐದೂವರೆಗೆ ಶುರುಮಾಡಿದರೆ ಹತ್ತೂವರೆಗೆ ನಿಲ್ಲಿಸಬೇಕು. ಮತ್ತೆ ಸಂಜೆ ನಾಲ್ಕೂವರೆಯ ಮೇಲೆ. ತಳಪಾಯದ ಮಣ್ಣು ತೆಗೆಯುವುದು, ಸಿಮೆಂಟ್ ಇಟ್ಟಿಗೆ ಸಾಗಿಸುವುದು, ಕಟ್ಟಿದ ಗೋಡೆಗೆ ನೀರು ಹೊಡೆಯುವುದು ನಮ್ಮ ಪಾಲಿನ ಕೆಲಸ. ಮೊದಲ ದಿನ ಸಂಜೆಗೇ ಹದಿನೆಂಟರಲ್ಲಿ ಹನ್ನೊಂದು ಜನರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಊರಿನ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಮ್ಮವರು ಇಬ್ಬರು ಸೇರಿ ಒಂದು ಬಾಂಡ್ಲಿ ಎತ್ತುವಷ್ಟರಲ್ಲಿ ಅವರಲ್ಲಿ ಒಬ್ಬಳು ತಲೆಗೆ ಸಿಂಬಿ ಸುತ್ತಿ ಮೂರು ಸುತ್ತು ಹೋಗಿ ಬಂದಿರುತ್ತಿದ್ದಳು.

ಹಾಗೆ ನಗುತ್ತಿದ್ದವರಲ್ಲಿ ಒಬ್ಬಾಕೆ, ಮೂವತ್ತು ಇರಬಹುದು, "ನಿಮ್ದು ಯಾವ ಕಡೆರೀ?" ಎಂದು ವಿಚಾರಿಸಿದಳು. ವೈಟ್‌ಫೀಲ್ಡ್ ಎಂದ ಕೂಡಲೇ ಕಣ್ಣು ಅರಳಿತು. ಕುಂದಲಹಳ್ಳಿ ಗೇಟು, ಐಟಿಪಿಎಲ್ ಬಸ್ಸು, ಯಾವ ಅಂಗಡಿಯಲ್ಲಿ ಸಾಲ ಕೊಡುತ್ತಾರೆ, ಎಲ್ಲ ಗೊತ್ತು. ಒಂದು ಗಾಜಿನ ಕಟ್ಟಡದ ಗುರುತು ಹೇಳಿದಳು. ನಮ್ಮ ತಂಡದ ಹುಡುಗನೊಬ್ಬ, "ನಾನು ಅಲ್ಲೇ ಕೆಲಸ ಮಾಡೋದು, ಐದನೇ ಮಹಡಿ" ಎಂದ. ಅವಳಿಗೆ ಖುಷಿಯೋ ಖುಷಿ. "ಹೌದೇನ್ ತಮ್ಮಾ? ಅದರ ಕಾಂಕ್ರೀಟ್ ಐದನೇ ಮಾಳಿಗಿ ತನಕ ನಾವೇ ಹೊತ್ತೀವಿ. ಲಿಫ್ಟು ಆಮ್ಯಾಲ ಬಂತು!" ಎಂದಳು.

ನೆರೆ ಬಂದಾಗಲೂ ಅವಳು ಬೆಂಗಳೂರಿನ ಟಾರ್ಪಾಲಿನ ಗುಡಿಸಲಲ್ಲೇ ಇದ್ದಳು. ಊರಿನ ಮನೆ ಬಿದ್ದದ್ದು, ಅತ್ತೆ ಮತ್ತು ಮಗಳು ಎರಡು ರಾತ್ರಿ ಗುಡಿಯಲ್ಲಿ ಕಳೆದದ್ದು ಯಾರದೋ ಮೊಬೈಲಿನಿಂದ ತಿಳಿಯಿತು. ಅಂದು ಸಂಜೆ ಆ ಹುಡುಗ ಊಟಕ್ಕೆ ಬರಲಿಲ್ಲ. ನದಿಯ ಕಡೆ ಹೋಗಿ ಕುಳಿತಿದ್ದ. ನಾವು ಕರೆಯಲು ಹೋಗಲಿಲ್ಲ.

ಮನೆಗಳ ನಕ್ಷೆ ಬೇರೆಲ್ಲೋ ತಯಾರಾಗಿ ಬಂದದ್ದು. ದಾನಿಗಳು ಯಾರೆಂದು ಇಲ್ಲಿ ಹೇಳುವುದಿಲ್ಲ, ಒಳ್ಳೆಯ ಮನಸ್ಸಿನವರೇ. ಸಾಲು ಸಾಲು ನಿವೇಶನ, ಒಂದು ಕೋಣೆ, ಅಡುಗೆಮನೆ, ಶೌಚಾಲಯ, ಮೇಲೆ ಕಾಂಕ್ರೀಟ್ ಛಾವಣಿ. ಹಳೆಯ ಮನೆಯಲ್ಲಿ ಬಾಗಿಲು ದಾಟಿದರೆ ತಗ್ಗಿನಲ್ಲಿ ಎತ್ತು, ಎರಡು ಮೆಟ್ಟಿಲು ಮೇಲೆ ಪಡಸಾಲೆಯಲ್ಲಿ ಮನುಷ್ಯರು, ಹೊರಗೆ ಕಟ್ಟೆ. ಹೊಸ ನಕ್ಷೆಯಲ್ಲಿ ಎತ್ತಿಗೂ ಜಾಗವಿಲ್ಲ, ಕಟ್ಟೆಯೂ ಇಲ್ಲ. "ದನ ಎಲ್ಲಿ ಕಟ್ಟೋದ್ರೀ?" ಎಂದು ಜನ ನಮ್ಮನ್ನು ಕೇಳಿದರು. ನಾವು ಎಂಜಿನಿಯರರನ್ನು ಕೇಳಿದೆವು, ಅವರು ಕಾಗದವನ್ನು ತೋರಿಸಿದರು. ಮನೆ ಕಟ್ಟುವುದೇ ಕಸುಬಾಗಿರುವ ಜನರ ಊರಿನಲ್ಲಿ, ನಿಮಗೆ ಎಂಥ ಮನೆ ಬೇಕೆಂದು ಮೊದಲೇ ಅವರನ್ನು ಕೇಳಿದ್ದವರು ಯಾರೂ ಇರಲಿಲ್ಲ. ಆಗ ಅದು ನಮಗೂ ದೊಡ್ಡ ತಪ್ಪೆಂದು ತೋರಲಿಲ್ಲ. ಛಾವಣಿ ಗಟ್ಟಿ ಇದ್ದರೆ ಸಾಕು ಎಂದುಕೊಂಡೆವು.

ನಾಲ್ಕನೆಯ ದಿನ ಹುಡುಗರಿಗೆ ಧೈರ್ಯ ಬಂತು. ಒಂದು ಗೋಡೆಯನ್ನು ನಾವೇ ಕಟ್ಟುತ್ತೇವೆ ಎಂದು ಹಟ ಹಿಡಿದರು. ಆ ಗಾಜಿನ ಕಟ್ಟಡ ಹೊತ್ತವಳ ಮನೆಯ ಹಿಂದಿನ ಗೋಡೆಯನ್ನು ಮೇಸ್ತ್ರಿ ಒಪ್ಪಿಸಿದ. ನಾವೂ ಕಾವಿ ಬಿಚ್ಚಿಟ್ಟು ಕರಣೆ ಹಿಡಿದೆವು. ನೂಲು ಕಟ್ಟಿದೆವು, ತೂಕಗುಂಡು ಇಳಿಬಿಡಲು ಮರೆತೆವು. ಸಂಜೆಗೆ ಗೋಡೆ ಎದೆಯ ಮಟ್ಟಕ್ಕೆ ಬಂತು. ಫೋಟೋ ತೆಗೆಸಿಕೊಂಡೆವು. ಆ ಫೋಟೋ ಈಗಲೂ ಇದೆ. ಅದರಲ್ಲಿ ನೋಡಿದರೂ ಗೋಡೆ ವಾಲಿರುವುದು ಕಾಣುತ್ತದೆ.

ಮರುದಿನ ಬೆಳಿಗ್ಗೆ ನಾವು ಏಳುವ ಮೊದಲೇ ಮೇಸ್ತ್ರಿ ಬಂದು ಮೊಣಕಾಲ ಮಟ್ಟದವರೆಗೆ ಅದನ್ನು ಕಿತ್ತಿದ್ದ. ಇಟ್ಟಿಗೆಗಳನ್ನು ತೊಳೆದು ಪಕ್ಕಕ್ಕೆ ಜೋಡಿಸಿದ್ದ. ಒಂದು ಮಾತೂ ಬೈಯಲಿಲ್ಲ. ಮನೆಯ ನಿಜವಾದ ಗೋಡೆಯನ್ನು ಒಂದು ಗಜ ಒಳಕ್ಕೆ ಸರಿಸಿ ಹೊಸದಾಗಿ ಎಬ್ಬಿಸತೊಡಗಿದ್ದ. ಉಳಿದ ಮೋಟು ಗೋಡೆಯನ್ನೇಕೆ ಬಿಟ್ಟೆ ಎಂದು ಕೇಳಿದಾಗ ಅವನು ಆ ಹೆಂಗಸಿನ ಕಡೆ ನೋಡಿ ಒಮ್ಮೆ ನಕ್ಕ, ಅಷ್ಟೇ.

ಮುಂದಿನ ವರ್ಷಗಳ ಸುದ್ದಿ ಎಲ್ಲವೂ ಒಳ್ಳೆಯದಲ್ಲ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಆಸರೆ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಹೊಲ ದೂರ, ದನಕ್ಕೆ ಜಾಗವಿಲ್ಲ, ಕೆಲವೆಡೆ ನೀರು, ರಸ್ತೆ ಬರಲೇ ಇಲ್ಲ. ಜನ ಬಿದ್ದ ಮನೆಯನ್ನೇ ತೇಪೆ ಹಾಕಿಕೊಂಡು ನದಿಯ ಪಕ್ಕದಲ್ಲಿಯೇ ಉಳಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಅಂಥವರು ಮತ್ತೆ ನೀರಿಗೆ ಸಿಕ್ಕರು. ಹಾಳುಬಿದ್ದಿದ್ದ ಆ ಹೊಸ ಮನೆಗಳಿಗೇ ಆಗ ಮಕ್ಕಳುಮರಿಗಳೊಂದಿಗೆ ಓಡಿದವರೂ ಇದ್ದರು.

ನಮ್ಮ ಕಡೆಯದೂ ಅಷ್ಟೇನೂ ಹೆಮ್ಮೆಯ ಕತೆಯಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಬಾಂಗ್ಲಾದೇಶದವರದೆಂದು ಹೇಳಿ ಕೆಡವಲಾಯಿತು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಅದನ್ನು ಆಕ್ಷೇಪಿಸಿತು, ಗುಡಿಸಲು ಮಾತ್ರ ಅಷ್ಟರಲ್ಲಿ ನೆಲಸಮವಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ನೀರು ನಮ್ಮ ಬಾಗಿಲಿಗೇ ಬಂತು. ಯಮಲೂರಿನಲ್ಲಿ, ಸರ್ಜಾಪುರ ರಸ್ತೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳು ಮುಳುಗಿ, ಕಂಪನಿಯ ಅಧಿಕಾರಿಗಳು ಟ್ರ್ಯಾಕ್ಟರಿನಲ್ಲಿ ನಿಂತು ಹೊರಗೆ ಬಂದರು. ಎಲ್ಲ ಟಿವಿಗಳಲ್ಲಿ ಅದನ್ನೇ ತೋರಿಸಿದರು. ಟಾರ್ಪಾಲುಗಳು ಏನಾದವು ಎಂದು ನೋಡಲು ನಮ್ಮ ವಿನ್ಸೆಂಟ್ ದೆ ಪೌಲ್ ಸಭೆಯವರು ಹೋದಾಗ ಅಲ್ಲಿ ಮೊಣಕಾಲು ನೀರಿನಲ್ಲಿ ಕಲ್ಲಿನ ಮೇಲೆ ಒಲೆ ಇಟ್ಟು ಅನ್ನ ಮಾಡುತ್ತಿದ್ದರು.

ಆ ಹಳ್ಳಿಗೆ ನಾವು ಇನ್ನೊಮ್ಮೆ ಹೋದದ್ದು ನಾಲ್ಕು ವರ್ಷದ ನಂತರ, ಮುದ್ಗಲ್ಲಿನ ಹಳೆಯ ಚರ್ಚನ್ನು ನೋಡಲು ಹೋದವರು ದಾರಿ ತಿರುಗಿಸಿಕೊಂಡು. ಫೆಬ್ರವರಿ ತಿಂಗಳು, ಗುಳೆಯ ಕಾಲ. ಸಾಲಿನ ಅರ್ಧ ಮನೆಗಳಿಗೆ ಬೀಗ. ಅವಳ ಮನೆಗೂ ಬೀಗ; ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಹೋಗಿದ್ದರು. ಮನೆಯ ಮುಂದೆ ನಕ್ಷೆಯಲ್ಲಿಲ್ಲದ ಕಟ್ಟೆಯೊಂದು ಬಂದಿತ್ತು. ಅತ್ತೆ ಅದರ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದಳು. ನಮ್ಮ ಗುರುತು ಸಿಗಲಿಲ್ಲ. ಗೋಡೆ ಕಟ್ಟಿದ ಫಾದರು ಎಂದಾಗ ಜೋರಾಗಿ ನಕ್ಕು, ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಮೇಲೆ ತಗಡು ಹೊದಿಸಿದ್ದರು. ನಮ್ಮ ವಾಲಿದ ಮೋಟು ಗೋಡೆಯ ಒಳಬದಿಗೆ ಮಣ್ಣು ಮೆತ್ತಿ ಸಾರಿಸಿದ್ದರು. ಎರಡು ಎತ್ತುಗಳು ಅದರೊಳಗೆ ಮುಖವಿಟ್ಟು ಮೇವು ತಿನ್ನುತ್ತಿದ್ದವು.

"ಮೇಸ್ತ್ರಿ ಅವತ್ತೇ ಹೇಳಿದ್ನರಿ," ಎಂದಳು ಮುದುಕಿ, "ಗ್ವಾಡಿಗೆ ಆಗಂಗಿಲ್ಲ, ಗ್ವಾದಲಿಗೆ ಆಗ್ತದ ಅಂತ."